ಎಡಗಾಲು ಎಡಗಾಲೇ

ಮಳೆಗಾಲದಲ್ಲಿ ನಮ್ಮನೇಲಿ ಗಿಟಾರ್ ಇರೋದು ಅಡುಗೆಮನೆ ಅಟ್ಟದ ಮೇಲೆ. ಕೊಡಗಿನ ಮಾದಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದ್ದು ನೋಡಿದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಬೀರುವಿನೊಳಗೆ ಮಡಚಿಟ್ಟ ಮದುವೆ ಸೀರೆಗೂ ಬೂಸ್ಟು ಹಿಡಿಯೋ ಜಾಗ ಇದು, ಸೌದೆ ಒಲೆ ಉರಿಯೋ ಒಂದು ಕೋಣೇಲಿ ಮಾತ್ರ ಗಾಳಿ ಸ್ವಲ್ಪ ಒಣಗಿರುತ್ತೆ, ಹಾಗಾಗಿ ಕಾಳುಮೆಣಸಿನ ಚೀಲ, ಬಿತ್ತನೆ ಭತ್ತ, ಮಗಳ ಶಾಲೆ ಶೂ, ಎಲ್ಲದರ ಜೊತೆ ಗಿಟಾರೂ ಅಲ್ಲೇ ಹತ್ತಿ ಕೂರುತ್ತೆ. ಒಲೆಗೆ ನೇರ ಇಡಬಾರದು, ಕಾವು ಜಾಸ್ತಿ ಆದ್ರೆ ಅಂಟು ಬಿಡುತ್ತೆ, ಅದಕ್ಕೆ ಆ ಕಡೆ ಗೋಡೆ ಪಕ್ಕ.

ಈ ವರ್ಷ ಮಳೆ ಹಿಡಿಯೋದ್ರೊಳಗೆ ಕಾಫಿ ಗಿಡಕ್ಕೆ ಮೈಲುತುತ್ತ ಸುಣ್ಣದ ಸ್ಪ್ರೇ ಮುಗ್ಸಿದ್ವಿ, ಮರ ಕಪಾತು ಆಗಿತ್ತು, ಗೊಬ್ಬರ ಬಿದ್ದಿತ್ತು. ಇನ್ನು ಕಣಿವೆ ತುಂಬ ಮಂಜು, ಬೆಳಿಗ್ಗೆ ಒಂದು ಸುತ್ತು ತೋಟಕ್ಕೆ ಹೋಗಿ ಬಸಿಗಾಲುವೆ ಕಟ್ಟಿಕೊಂಡಿದ್ಯಾ ನೋಡಿ ಬಂದ್ರೆ ಮಧ್ಯಾಹ್ನದ ಮೇಲೆ ಕೈ ಖಾಲಿ. ಆಗ ಗಿಟಾರ್ ಕೆಳಗಿಳಿಸಿ ನಿರ್ಧಾರ ಮಾಡ್ದೆ, ಇಪ್ಪತ್ತು ವರ್ಷದಿಂದ ಕೇಳ್ತಾ ಬಂದು, ಅರ್ಧಂಬರ್ಧ ನುಡಿಸಿ, ಕಷ್ಟದ ಜಾಗ ಬಂದಾಗ ಹಾರಿಸಿಬಿಡ್ತಿದ್ದ ಒಂದು ರಿಫ್ ಇದೆಯಲ್ಲ, ಅದನ್ನ ಈ ಮಳೆ ಮುಗಿಯೋದ್ರೊಳಗೆ ಪೂರ್ತಿ, ಒಂದು ಏಟೂ ಬಿಡದೆ ಕಲೀಬೇಕು ಅಂತ.

ರಿಫ್ ಅಂದ್ರೆ ರಾಕ್ ಹಾಡಲ್ಲಿ ಮತ್ತೆ ಮತ್ತೆ ಬರೋ ಚಿಕ್ಕ ಗಿಟಾರ್ ಸಾಲು, ಪಲ್ಲವಿ ಥರ, ಆದ್ರೆ ಬಾಯಲ್ಲಿ ಹಾಡೋದಲ್ಲ, ತಂತಿ ಹಾಡೋದು. ನಾನು ಹೇಳ್ತಿರೋದು ಇಂಗ್ಲೆಂಡಿನ ರಾಕ್ ತಂಡ ಲೆಡ್ ಝೆಪೆಲಿನ್‌ನವರ ಬ್ಲ್ಯಾಕ್ ಡಾಗ್. 2003ರಲ್ಲಿ ಮೈಸೂರಲ್ಲಿ ಹಾಸ್ಟೆಲಲ್ಲಿದ್ದಾಗ ಪಕ್ಕದ ರೂಮಿನ ಹುಡುಗನ ಹತ್ರ ಎಂಪಿತ್ರಿ ಸಿಡಿ ಒಂದಿತ್ತು, ನೂರೈವತ್ತು ಹಾಡು ತುಂಬಿಸಿದ್ದು, ಅದ್ರಲ್ಲಿ ಇದೂ ಒಂದು. ರಾತ್ರಿ ಊಟ ಆದ್ಮೇಲೆ ಅವನ ಕಂಪ್ಯೂಟರಿನ ಸಣ್ಣ ಸ್ಪೀಕರಲ್ಲಿ ಕೇಳಿದೆ. ಮೊದಲು ಗಿಟಾರ್ ಏನೋ ಎಚ್ಚರ ಆದ ಹಾಗೆ ಗೊರಗುಟ್ಟುತ್ತೆ, ಆಮೇಲೆ ಎಲ್ಲಾ ನಿಂತು ಬರೀ ಒಂದು ಗಂಟಲು ಮೇಲಿನ ಸ್ಥಾಯಿಯಲ್ಲಿ ಒಂದು ಸಾಲು ಹಾಡುತ್ತೆ, ಅದು ನಿಲ್ಲೋದೇ ತಡ ಗಿಟಾರು, ಬೇಸ್ ಗಿಟಾರು, ಡ್ರಮ್ಮು ಮೂರೂ ಒಟ್ಟಿಗೆ ಬಂದು ಬೀಳ್ತವೆ. ದಪ್ಪ ತಂತೀಲಿ ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ಎ ಸ್ವರದ ಸುತ್ತ ಹಾವು ಸುತ್ತಿದ ಹಾಗೆ ಸುತ್ತಿ, ಇಳಿದು, ಮತ್ತೆ ನಿಂತುಬಿಡ್ತವೆ. ಅಷ್ಟೇ. ಅವತ್ತು ರಾತ್ರಿ ಎಷ್ಟು ಸಲ ಹಾಕಿಸಿದೆ ಅಂತ ಲೆಕ್ಕ ಇಲ್ಲ, ಆ ಹುಡುಗ ಪಾಪ ಪರೀಕ್ಷೆಗೆ ಓದ್ತಿದ್ದ, ಒಂದು ಮಾತೂ ಆಡ್ಲಿಲ್ಲ.

ಹಾಡಿನ ಕಥೆ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. 1971ರ ನವೆಂಬರಲ್ಲಿ ಬಂದ ಅವರ ನಾಲ್ಕನೇ ಆಲ್ಬಮ್ಮಿನ ಮೊದಲನೇ ಹಾಡು ಇದು. ಗಿಟಾರ್ ನುಡಿಸಿದ್ದು ಜಿಮ್ಮಿ ಪೇಜ್, ಆದ್ರೆ ಆ ರಿಫ್ ಹುಟ್ಟಿದ್ದು ಬೇಸ್ ನುಡಿಸ್ತಿದ್ದ ಜಾನ್ ಪಾಲ್ ಜೋನ್ಸ್ ತಲೇಲಿ. ಇಂಗ್ಲೆಂಡಿನ ಹ್ಯಾಂಪ್‌ಷೈರಲ್ಲಿ ಹೆಡ್ಲಿ ಗ್ರೇಂಜ್ ಅಂತ ಒಂದು ಹಳೇ ದೊಡ್ಡ ಮನೆ, ಅದರ ಮುಂದೆ ರೆಕಾರ್ಡಿಂಗ್ ಸಾಮಾನು ತುಂಬಿದ ಗಾಡಿ ನಿಲ್ಲಿಸಿ, ಮನೆ ಒಳಗೆ ನುಡಿಸಿ ಧ್ವನಿಮುದ್ರಣ ಮಾಡಿದ್ರು. ಆ ಮನೆ ಸುತ್ತಮುತ್ತ ಒಂದು ಕಪ್ಪು ಲ್ಯಾಬ್ರಡಾರ್ ನಾಯಿ ಓಡಾಡ್ಕೊಂಡಿತ್ತಂತೆ, ಹಾಡಿಗೆ ಬೇರೆ ಹೆಸರು ಹೊಳೀದೆ ಅದರ ಹೆಸರನ್ನೇ ಇಟ್ರು, ಹಾಡಿನೊಳಗೆ ನಾಯಿ ಮಾತೇ ಇಲ್ಲ. ಮನೆ ಚಳಿ, ಗೋಡೆ ಎಲ್ಲಾ ತೇವ ಅಂತ ಓದಿದಾಗ ನನಗೆ ಯಾಕೋ ತುಂಬ ಹತ್ತಿರದ್ದು ಅನ್ನಿಸ್ತು. ತೇವದ ಮನೇಲಿ ಹುಟ್ಟಿದ ರಿಫ್ ತೇವದ ಮನೇಲೇ ಕಲಿಯೋದು ಸರಿ ಅಂತ.

ಬೆರಳಿನ ವಿಷಯಕ್ಕೆ ಬಂದ್ರೆ ಇದು ಅಷ್ಟೇನೂ ಕಷ್ಟದ್ದಲ್ಲ, ಇದನ್ನ ಗಿಟಾರ್ ಹಿಡಿದ ಯಾರಾದ್ರೂ ಒಪ್ತಾರೆ. ವೇಗ ನಿಮಿಷಕ್ಕೆ 80 ಏಟಿನ ಆಸುಪಾಸು, ಅದಕ್ಕಿಂತ ಜೋರಾಗಿ ಓಡೋ ಹಾಡು ಸಾವಿರ ಇವೆ. ಒಂದು ವಾರಕ್ಕೆ ಸ್ವರಗಳು ಕೈಗೆ ಕೂತ್ವು. ಕಷ್ಟ ಇರೋದು ತಾಳದಲ್ಲಿ. ಮೊದಲ ಕಷ್ಟ, ಹಾಡೋನು ಒಬ್ಬನೇ ಹಾಡುವಾಗ ಕೆಳಗೆ ಏನೂ ಇಲ್ಲ, ಡ್ರಮ್ ಇಲ್ಲ, ಬೇಸ್ ಇಲ್ಲ, ಬರೀ ಖಾಲಿ. ಆ ಖಾಲಿಯೊಳಗಿಂದ ಮೂರೂ ಜನ ಒಂದೇ ಕ್ಷಣಕ್ಕೆ ಬೀಳ್ಬೇಕು. ಎಲ್ಲಿ ಬೀಳ್ಬೇಕು ಅಂತ ನನಗೆ ಯಾವಾಗ್ಲೂ ಅನುಮಾನ, ಒಂದ್ಸಲ ಮುಂಚೆ, ಒಂದ್ಸಲ ತಡ. ಎರಡನೇ ಕಷ್ಟ ಇದಕ್ಕಿಂತ ದೊಡ್ಡದು, ಅದಕ್ಕೆ ಆಮೇಲೆ ಬರ್ತೀನಿ.

ಒಬ್ಬ ಹಾಡೋದು, ಗುಂಪು ಉತ್ತರ ಕೊಡೋದು ನಮಗೇನೂ ಹೊಸದಲ್ಲ. ಹುತ್ತರಿ ಸಮಯದಲ್ಲಿ ನಮ್ಮ ನೆರೆಯ ಕೊಡವರ ಮನೇಲಿ ದುಡಿ ಕೊಟ್ಟ್ ಪಾಟ್ ಕೇಳ್ತಾ ಬೆಳೆದೋನು ನಾನು. ಕೈಯಲ್ಲಿ ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಹಿಡಿದು ಇಬ್ಬರು ಒಂದು ಸಾಲು ಹಾಡ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹಾಡ್ತಾರೆ, ಸಾಲು ಮುಗಿದು ಸಾಲು ಶುರುವಾಗೋ ನಡುವೆ ಕೂದಲು ಹೋಗೋಷ್ಟು ಸಂದು ಕೂಡ ಇರಲ್ಲ. ಚಿಕ್ಕವನಿದ್ದಾಗ ಅಂಗಳದ ಕಲ್ಲು ಮೇಲೆ ಕೂತು ಅವರ ಬಾಯನ್ನೇ ನೋಡ್ತಿದ್ದೆ, ಎರಡನೇ ಜೋಡಿಗೆ ಯಾವಾಗ ಶುರು ಮಾಡ್ಬೇಕು ಅಂತ ಹೇಗೆ ಗೊತ್ತಾಗುತ್ತೆ ಅಂತ. ಈಗ ಅನ್ಸುತ್ತೆ, ಅವರು ಬಾಯನ್ನ ನೋಡ್ತಾನೇ ಇರ್ಲಿಲ್ಲ, ಕೈಯಲ್ಲಿ ದುಡಿ ನಡೀತಾ ಇತ್ತಲ್ಲ, ಅದು ನಿಲ್ಲೋದೇ ಇಲ್ಲ, ಹಾಡು ಯಾರ ಬಾಯಲ್ಲಿದ್ರೂ ಏಟು ಎಲ್ಲರ ಕೈಯಲ್ಲಿ. ಬ್ಲ್ಯಾಕ್ ಡಾಗಲ್ಲಿ ದುಡಿನೂ ನಿಂತುಬಿಡುತ್ತೆ, ಅದೇ ಸಮಸ್ಯೆ.

ಇದಕ್ಕೆ ಉತ್ತರ ಸಿಕ್ಕಿದ್ದು ಹೆಡ್‌ಫೋನ್ ಹಾಕ್ಕೊಂಡು ಕೇಳಿದಾಗ. ಹಾಡೋನ ಸಾಲು ಮುಗಿದು ಗಿಟಾರ್ ಬೀಳೋ ಮುಂಚೆ, ತುಂಬ ಹಿಂದೆ, ಮೆತ್ತಗೆ ಟಕ್ ಟಕ್ ಅನ್ನೋ ಶಬ್ದ. ಡ್ರಮ್ಮರ್ ಜಾನ್ ಬಾನಮ್ ಕೈಯಲ್ಲಿರೋ ಎರಡು ಕಡ್ಡಿನ ಒಂದಕ್ಕೊಂದು ತಾಗಿಸಿ ಮಿಕ್ಕೋರಿಗೆ ದಾರಿ ತೋರಿಸ್ತಿದ್ದಾನೆ. ಇಪ್ಪತ್ತು ವರ್ಷ ಈ ಹಾಡು ಕೇಳಿದ್ದೆ, ಇದು ಕೇಳಿರ್ಲಿಲ್ಲ. ಮೈ ಜುಂ ಅಂತು, ನಿಜವಾಗ್ಲೂ. 1980ರಲ್ಲಿ 32ನೇ ವಯಸ್ಸಿಗೇ ತೀರಿಹೋದ ಮನುಷ್ಯ, ಯಾವುದೋ ದೇಶದ ಯಾವುದೋ ಮನೇಲಿ ತನ್ನ ಸ್ನೇಹಿತರಿಗೆ ಅಂತ ಕೊಟ್ಟ ಸನ್ನೆ, ಐವತ್ತು ವರ್ಷ ಕಳೆದು ಮಾದಾಪುರದ ಮಳೇಲಿ ಕೂತಿರೋ ನನಗೂ ತಲುಪ್ತು.

ಇನ್ನು ಗಿಟಾರಿನ ಸ್ಥಿತಿ ಒಂಚೂರು ಹೇಳ್ಬೇಕು, ಯಾಕಂದ್ರೆ ಈ ಊರಲ್ಲಿ ಮಳೆಗಾಲದಲ್ಲಿ ತಂತಿವಾದ್ಯ ಇಟ್ಕೊಳ್ಳೋದೇ ಒಂದು ಕೆಲಸ. ತಂತಿ ಉಕ್ಕಿನದು, ಬಯಲುಸೀಮೆಯಲ್ಲಿ ಎರಡು ಮೂರು ತಿಂಗಳು ಬರೋ ಸೆಟ್ಟು ಇಲ್ಲಿ ಮೂರು ವಾರಕ್ಕೆ ಒರಟಾಗುತ್ತೆ, ಬೆರಳು ಜಾರಿಸಿದ್ರೆ ತುಕ್ಕಿನ ಕಪ್ಪು ತುದಿಗೆ ಹತ್ತುತ್ತೆ. ನುಡಿಸಿ ಆದ ಕೂಡ್ಲೇ ಒಣ ಬಟ್ಟೇಲಿ ಪ್ರತಿ ತಂತಿನ ಮೇಲೂ ಕೆಳಗೂ ಒರೆಸ್ಬೇಕು. ಮರ ಗಾಳೀಲಿರೋ ನೀರು ಕುಡಿದು ಊದಿಕೊಳ್ಳುತ್ತೆ, ಕತ್ತಿನ ಬಾಗು ಬದಲಾಗಿ ತಂತಿ ಎತ್ತರ ಹೆಚ್ಚುಕಮ್ಮಿ ಆಗುತ್ತೆ, ಆಗ ಕತ್ತಿನೊಳಗಿರೋ ಕಬ್ಬಿಣದ ರಾಡನ್ನ ಸಣ್ಣ ಕೀಯಲ್ಲಿ ಕಾಲು ಸುತ್ತು ತಿರುಗ್ಸಿ ಒಂದು ದಿನ ಬಿಟ್ಟು ನೋಡ್ಬೇಕು, ಅವಸರ ಮಾಡಿದ್ರೆ ಕತ್ತೇ ಹಾಳು. ಹೊಸ ಶೂ ಡಬ್ಬದಲ್ಲಿ, ಮಾತ್ರೆ ಡಬ್ಬದಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ನಮ್ಮನೇಲಿ ಯಾರೂ ಎಸೆಯಲ್ಲ, ಎಲ್ಲಾ ಗಿಟಾರ್ ಚೀಲಕ್ಕೆ. ಅವನ್ನೂ ಹದಿನೈದು ದಿನಕ್ಕೊಮ್ಮೆ ಒಲೆ ಪಕ್ಕ ಇಟ್ಟು ಒಣಗಿಸ್ತೀನಿ.

ಕರೆಂಟಿನ ಕಥೆ ಹೇಳೋದೇ ಬೇಡ. ಗಾಳಿಗೆ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ರೆ ಮೂರು ದಿನ ಕತ್ತಲೆ. ಹತ್ತು ವ್ಯಾಟಿನ ಪುಟ್ಟ ಆಂಪ್ಲಿಫೈಯರ್ ಇದೆ, ಅದು ಮೂಲೇಲಿ ಸುಮ್ನೆ ಕೂತಿರುತ್ತೆ. ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ ಇಲ್ದೆ ಇದ್ರೆ ಸೊಳ್ಳೆ ಹಾಡಿದಷ್ಟೇ ಶಬ್ದ, ಅದ್ರ ಮೇಲೆ ಹೆಂಚಿಗೆ ಬೀಳೋ ಮಳೆ. ಎಷ್ಟೋ ದಿನ ನಾನು ನುಡಿಸಿದ್ದು ನನಗೇ ಕೇಳ್ಸಿಲ್ಲ. ಗಿಟಾರಿನ ಮೇಲಂಚಿಗೆ ದವಡೆ ತಾಗಿಸ್ಕೊಂಡು ಕೂತ್ರೆ ಮೂಳೆ ಮೂಲಕ ಸ್ವರ ಒಳಗೆ ಬರುತ್ತೆ, ಹಾಗೆ ಕಲಿತೆ. ಹೆಂಡ್ತಿ ಸೀಮೆಎಣ್ಣೆ ದೀಪ ತಂದು ಪಕ್ಕ ಇಟ್ಟು, ಕುತ್ತಿಗೆ ಹಿಡ್ಕೊಳ್ಳುತ್ತೆ ನೋಡಿ ಅಂತ ಹೇಳಿ ಹೋಗ್ತಿದ್ಲು.

ಈಗ ಆ ಎರಡನೇ ಕಷ್ಟ. ಹಾಡೋನ ಎರಡು ಮೂರು ಸಾಲು ಕಳೆದ್ಮೇಲೆ ಒಂದು ಬೇರೆ ಭಾಗ ಬರುತ್ತೆ, ನಾನು ಅದಕ್ಕೆ ಎರಡನೇ ಭಾಗ ಅಂತ ಕರೀತೀನಿ. ಇದನ್ನ ಕಾಗದದ ಮೇಲೆ ಬರೆಯೋರು ಬೇರೆ ಬೇರೆ ಥರ ಬರೀತಾರೆ, ನಾನು ಎಣಿಸೋ ರೀತಿ ಇದು. ಡ್ರಮ್ಮು ನೇರ ನಾಲ್ಕರ ತಾಳ. ಪ್ರತಿ ಏಟನ್ನ ಎರಡು ಮಾಡಿದ್ರೆ ಒಂದು ಆವರ್ತಕ್ಕೆ 8 ಅರ್ಧ. ಗಿಟಾರಿನ ಸಾಲು ಮಾತ್ರ 9 ಅರ್ಧದ್ದು. ಹಾಗಾಗಿ ಮೊದಲ ಸಲ ಸಾಲು ಮುಗಿದು ಎರಡನೇ ಸಲ ಶುರುವಾಗುವಾಗ ಡ್ರಮ್ಮಿನ ಒಂದನೇ ಏಟು ದಾಟಿ ಅರ್ಧ ಏಟು ಆಗಿರುತ್ತೆ, ಮೂರನೇ ಸಲಕ್ಕೆ ಇನ್ನೂ ಅರ್ಧ ಜಾರಿರುತ್ತೆ. 9, 9, 9 ಅಂದ್ರೆ 27, ಕೊನೇಲಿ 5ರ ಒಂದು ತುಂಡು ಸೇರಿಸಿದ್ರೆ 32. 8 ನಾಲ್ಕಲೆ 32. ನಾಲ್ಕು ಆವರ್ತ ಮುಗಿಯೋ ಹೊತ್ತಿಗೆ ಇಬ್ಬರೂ ಒಂದೇ ಜಾಗದಲ್ಲಿ ಸೇರ್ತಾರೆ. ಮಗ್ಗಿ ಬಂದ್ರೆ ಸಾಕು, ಲೆಕ್ಕ ಇಷ್ಟೇ. ಮೃದಂಗದೋರು ಒಂದೇ ಜತಿನ ಮೂರು ಸಲ ನುಡಿಸಿ ಮುಕ್ತಾಯ ಮಾಡಿ ಸಮಕ್ಕೆ ಬಂದು ಬೀಳ್ತಾರಲ್ಲ, ಆ ಜಾಣತನದ ದೂರದ ನೆಂಟ ಅಂತ ನನಗನ್ಸುತ್ತೆ. ಅವರು ಹೇಗೆ ಯೋಚಿಸಿ ಮಾಡಿದ್ರೋ ಗೊತ್ತಿಲ್ಲ, ಕೇಳೋ ಕಿವಿಗೆ ಎರಡರ ಖುಷಿನೂ ಒಂದೇ ಥರ.

ಲೆಕ್ಕ ತಲೆಗೆ ಹೋಯ್ತು, ಕೈಗೆ ಹೋಗ್ಲಿಲ್ಲ. ಜೂನ್ ಕೊನೆ ತನಕ ನಾನು ಮಾಡ್ತಿದ್ದ ತಪ್ಪು ಒಂದೇ, ಅದು ತಪ್ಪು ಅಂತಾನೂ ಗೊತ್ತಿರ್ಲಿಲ್ಲ. ಫೋನಲ್ಲಿ ಮೆಟ್ರೋನೋಮ್, ಅಂದ್ರೆ ಟಕ್ ಟಕ್ ಅಂತ ಏಟು ಎಣಿಸೋದು, ಹಾಕಿ ನಿಮಿಷಕ್ಕೆ 50 ಏಟಿಗೆ ಇಟ್ಟು ಶುರು ಮಾಡ್ತಿದ್ದೆ. ಮೊದಲನೇ ಸಾಲು ಸರಿ. ಎರಡನೇ ಸಾಲು ಶುರುವಾದ ಕೂಡ್ಲೇ ನನ್ನ ಕಾಲು ಅಲ್ಲೇ ಹೊಸದಾಗಿ ಒಂದು ಅಂತ ಬೀಳೋದು, ಮೆಟ್ರೋನೋಮಿನ ಟಕ್ ಪಕ್ಕಕ್ಕೆ ಹೋಗಿ ತೊಂದರೆ ಕೊಡೋ ಹಾಗೆ ಕೇಳೋದು, ಇದೇನೋ ಕೆಟ್ಟಿದೆ ಅಂತ ನಿಲ್ಲಿಸಿಬಿಡ್ತಿದ್ದೆ. 60ಕ್ಕೆ ಇಟ್ಟು ನೋಡ್ದೆ, ವೇಗ ಹೆಚ್ಚಿದ್ರೆ ತಾನೇ ಸರಿ ಹೋಗುತ್ತೇನೋ ಅಂತ, ಹಾಗಾಗ್ಲಿಲ್ಲ. ವಿಡಿಯೋ ನೋಡಿದೆ, ಒಬ್ಬೊಬ್ಬ ಗುರು ಒಂದೊಂದು ಬೆರಳು ಹೇಳಿಕೊಟ್ರು, ಕಾಲು ಯಾರೂ ತೋರಿಸ್ಲಿಲ್ಲ, ಕ್ಯಾಮೆರಾ ಯಾವಾಗ್ಲೂ ಸೊಂಟದ ಮೇಲೆ.

ಜುಲೈ ಎರಡನೇ ವಾರ ಮಳೆ ಜೋರಾಯ್ತು. ಇಲ್ಲಿ ಒಂದು ಮಾತು ಹೇಳ್ಬೇಕು, ಗಿಟಾರಿಗೆ ಸಂಬಂಧ ಇಲ್ಲ ಅನ್ನಿಸ್ಬಹುದು. 2018ರ ಆಗಸ್ಟ್ ಆದ್ಮೇಲೆ ನಮ್ಮ ಕಡೆ ಯಾರೂ ಮಳೆನ ಮೊದಲಿನ ಹಾಗೆ ಕೇಳಲ್ಲ. ಮಕ್ಕಂದೂರು, ಜೋಡುಪಾಲ, ನಮ್ಮ ಮಾದಾಪುರದ ಆಸುಪಾಸು ಗುಡ್ಡ ಗುಡ್ಡಾನೇ ಜಾರಿ ಬಂದಿದ್ದನ್ನ ಕಣ್ಣಾರೆ ಕಂಡೋರು ನಾವು. ಅದಕ್ಕೂ ಮುಂಚೆ ರಾತ್ರಿ ಹೆಂಚಿನ ಮೇಲೆ ಮಳೆ ಬಿದ್ರೆ ಕಂಬಳಿ ಎಳ್ಕೊಂಡು ಇನ್ನೂ ಚೆನ್ನಾಗಿ ನಿದ್ದೆ ಮಾಡ್ತಿದ್ವಿ. ಈಗ ಮಳೆ ಶಬ್ದ ಒಂದು ಹದ ದಾಟಿದ್ರೆ ಎದ್ದು ಕೂರ್ತೀವಿ, ಬೇರೆ ಏನಾದ್ರೂ ಶಬ್ದ ಅದರೊಳಗೆ ಇದ್ಯಾ ಅಂತ ಕಿವಿ ಕೊಡ್ತೀವಿ. ನಮ್ಮಪ್ಪ ಮಳೆ ಲೆಕ್ಕ ಬರೀತಿದ್ರು, ತೋಟ ಇರೋ ಎಲ್ಲರ ಹಾಗೆ, ಬೆಳಿಗ್ಗೆ ಎಂಟಕ್ಕೆ ರೇನ್ ಗೇಜ್ ನೋಡಿ ಡೈರೀಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬರೆದು, ಪಕ್ಕದಲ್ಲಿ ಅವತ್ತಿನ ಒಂದು ಸಣ್ಣ ಸುದ್ದಿ. ‘1 ಇಂಚು 20 ಸೆಂಟ್. ಗಂಗೆ ಕರು ಹಾಕಿತು.’ ‘60 ಸೆಂಟ್. ಹೂಮಳೆ, ದೇವರು ದೊಡ್ಡವನು.’ ಅಪ್ಪ ಹೋದ್ಮೇಲೆ ನಾನು ಮುಂದುವರಿಸಿದ್ದೀನಿ. 2018ರ ಡೈರೀಲಿ ಆಗಸ್ಟಿನ ಆರು ದಿನ ಖಾಲಿ, ಮನೆ ಬೀಗ ಹಾಕಿ ಕುಶಾಲನಗರದಲ್ಲಿ ಅತ್ತೆ ಮನೇಲಿದ್ವಿ. ನಮ್ಮ ಮನೆಗೇನೂ ಆಗ್ಲಿಲ್ಲ, ಹಿಂದಿನ ಗುಡ್ಡದಲ್ಲಿ ಒಂದಿಷ್ಟು ಕಾಫಿ ಗಿಡ ಮಣ್ಣಿನ ಜೊತೆ ಹೋಯ್ತು, ಅಷ್ಟೇ. ಕಳ್ಕೊಂಡೋರ ಮುಂದೆ ಇದನ್ನ ಹೇಳೋಕೂ ಮನಸ್ಸು ಬರಲ್ಲ. ಆ ಖಾಲಿ ಜಾಗ ಹಾಗೇ ಬಿಟ್ಟಿದ್ದೀನಿ.

ಜುಲೈನ ಅಂಥ ರಾತ್ರಿಗಳಲ್ಲಿ ನಿದ್ದೆ ಬರದೆ ಇದ್ದಾಗ ಎದ್ದು ಬಂದು ಅಡುಗೆಮನೇಲಿ ಕೂತು, ಒಲೆ ಕೆಂಡದ ಬೆಳಕಲ್ಲಿ 9 ಅರ್ಧ ಎಣಿಸ್ತಿದ್ದೆ. ಮಳೆಗೆ ತಾಳ ಇಲ್ಲ, ಅದಕ್ಕೇ ಅದು ಭಯ ಹುಟ್ಸುತ್ತೇನೋ. ಎಣಿಸೋಕೆ ಒಂದು ಇದ್ರೆ ಮನಸ್ಸು ಅಲ್ಲಿ ನಿಲ್ಲುತ್ತೆ. ಆದ್ರೆ ಕಾಲು ಮಾತ್ರ ಅದೇ ಜಾಗದಲ್ಲಿ ತಪ್ತಾನೇ ಇತ್ತು.

ತಪ್ಪು ಹಿಡಿದಿದ್ದು ಮಗಳು. ಎಂಟನೇ ಕ್ಲಾಸು, ಶಾಲೆ ಬ್ಯಾಂಡಲ್ಲಿ ಸೈಡ್ ಡ್ರಮ್. ಆಗಸ್ಟ್ 15ರ ಪೆರೇಡಿಗೆ ಜುಲೈಯಿಂದಾನೇ ತಯಾರಿ, ಮೈದಾನ ಕೆಸರು ಅಂತ ಶಾಲೆ ಹಾಲಲ್ಲೇ ಎಡಬಲ ಎಡಬಲ. ಒಂದು ಸಂಜೆ ಜಗಲೀಲಿ ನಾನು ಅದೇ ಎರಡನೇ ಭಾಗ ಹಿಡ್ಕೊಂಡು ಕೂತಿದ್ದೆ, ಅವಳು ಪಕ್ಕದಲ್ಲಿ ಹಲಸಿನ ಬೀಜ ಸುಲೀತಾ ನನ್ನ ಬೆರಳು ಬಿಟ್ಟು ಕಾಲನ್ನೇ ನೋಡ್ತಿದ್ಲು. ಆಮೇಲೆ ಅಂದ್ಲು, ‘ಪಪ್ಪ, ಪ್ರತಿ ಸಲ ಕದಮ್ ಬದಲ್ ಮಾಡ್ತಾ ಇದೀರ.’

ಎನ್‌ಸಿಸಿ ಮಾಡಿದೋರಿಗೆ ಗೊತ್ತು, ಪೆರೇಡಲ್ಲಿ ಹೆಜ್ಜೆ ತಪ್ಪಿದ್ರೆ ನಿಲ್ಲೋ ಹಾಗಿಲ್ಲ, ನಡೀತಾ ನಡೀತಾನೇ ಒಂದು ಪುಟ್ಟ ಅರ್ಧ ಹೆಜ್ಜೆ ಹಾಕಿ ಕಾಲು ಬದಲಾಯಿಸ್ಕೋಬೇಕು, ಅದು ಕದಮ್ ಬದಲ್. ನಾನು ಮಾಡ್ತಿದ್ದಿದ್ದು ಸರಿಯಾಗಿ ಅದೇ. ಗಿಟಾರ್ ಸಾಲು ಅರ್ಧ ಏಟು ಜಾರಿದ ಕೂಡ್ಲೇ ನನ್ನ ಕಾಲೂ ಅರ್ಧ ಹೆಜ್ಜೆ ಹಾಕಿ ಸಾಲಿನ ಜೊತೆ ಸೇರ್ಕೊಳ್ತಿತ್ತು. ಕಾಲಿಗೆ ಅದು ಸರಿ ಅನ್ನಿಸ್ತಿತ್ತು, ಹೊಂದಿಕೊಂಡು ಹೋಗೋದು ಒಳ್ಳೇದಲ್ವಾ. ‘ಹಾಗೆ ಮಾಡ್ಬಾರ್ದು,’ ಅಂದ್ಲು ಮಗಳು, ಮಾಸ್ಟ್ರು ಹೇಳಿಕೊಟ್ಟ ಧ್ವನೀಲೇ. ‘ಬ್ಯೂಗಲ್ ಏನ್ ಬೇಕಾದ್ರೂ ಊದ್ಲಿ, ನಾವು ಸೈಡ್ ಡ್ರಮ್ಮೋರು ಏನ್ ಬೇಕಾದ್ರೂ ಬಾರಿಸ್ಲಿ, ದೊಡ್ಡ ಡ್ರಮ್ ಬಿದ್ರೆ ಎಡಗಾಲು. ಎಡಗಾಲು ಎಡಗಾಲೇ.’

ಆಮೇಲೆ ಎದ್ದು ನಿಲ್ಸಿದ್ಲು. ಗಿಟಾರ್ ಬೆಲ್ಟಲ್ಲಿ ನೇತುಹಾಕ್ಕೊಂಡು ಜಗಲಿ ಮೇಲೆ ಕದಮ್ ತಾಲ್, ಅಂದ್ರೆ ನಿಂತಲ್ಲೇ ಎಡಬಲ ಹೆಜ್ಜೆ. ನುಡಿಸೋ ಹಾಗಿಲ್ಲ, ಬರೀ ಹೆಜ್ಜೆ, ಅವಳು ಬಾಯಲ್ಲಿ ಗಿಟಾರ್ ಸಾಲು ಹೇಳೋದು, ನಾನು ಅದನ್ನ ಕೇಳ್ತಾ ಕಾಲು ಬದಲಾಯಿಸ್ದೆ ಇರೋದು. ಎಂಥಾ ಕಷ್ಟ ಅಂತೀರ. ಎರಡನೇ ಸುತ್ತಿಗೆ ಮೈಯೆಲ್ಲಾ ಒಂದು ಕಡೆಗೆ ಎಳೆಯುತ್ತೆ, ನಡೆಯೋ ಬಸ್ಸಲ್ಲಿ ನಿಂತಿರುವಾಗ ತಿರುವು ಬಂದ ಹಾಗೆ. ಹಾಗೆ ಎಳೆದಾಗ ಕಾಲು ಗಟ್ಟಿಯಾಗಿ ಊರ್ಬೇಕು. ಮೂರು ದಿನ ಇದೇ. ನಾಲ್ಕನೇ ದಿನ ನಾನೇ ಬಾಯಲ್ಲಿ ಹೇಳ್ತಾ ಹೆಜ್ಜೆ, ಒಂದು ವಾರ ಆದ್ಮೇಲೆ ಕೈ ತಂತಿ ಮೇಲೆ, 45ರ ವೇಗಕ್ಕೆ. ಜಗಲಿ ಸಾಲ್ದೆ ಕಣದ ಮೇಲೆ ಹೊದಿಸಿದ ಶೀಟಿನ ಕೆಳಗೆ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ತೋಟದ ಕೆಲಸದೋರು ಇರೋ ಲೈನ್ ಮನೆ ಅಮ್ಮ ಒಬ್ಬರು ನೀರು ಹೊತ್ಕೊಂಡು ಹೋಗ್ತಾ ನಿಂತು ನೋಡಿ, ಏನು ಹರಕೆನಾ ಸ್ವಾಮಿ ಅಂತ ಕೇಳಿದ್ರು. ಹೌದು ಅಂದೆ, ಬೇರೆ ಉತ್ತರ ಹೊಳೀಲಿಲ್ಲ, ಯೋಚಿಸಿದ್ರೆ ಸುಳ್ಳೂ ಅಲ್ಲ.

ಆಗ ಅರ್ಥ ಆಗ್ತಾ ಬಂತು. ಈ ರಿಫ್ ಜಾರೋದು ಜಾರದೆ ನಿಂತಿರೋದು ಒಂದು ಇರೋದ್ರಿಂದ. ಬಾನಮ್ ಎರಡನೇ ಭಾಗದಲ್ಲಿ ಏನೂ ಮಾಡಲ್ಲ, ಅಂದ್ರೆ ಗಿಟಾರಿನ ಹಿಂದೆ ಓಡಲ್ಲ, ಅದರ ಸೊಗಸಿಗೆ ತಕ್ಕ ಹಾಗೆ ತಾನೂ ತಿರುಗಲ್ಲ, ನಾಲ್ಕು ನಾಲ್ಕು ಅಂತ ಹೋಗ್ತಾನೇ ಇರ್ತಾನೆ. ಅವನೂ ಜೊತೆಗೆ ಜಾರಿಬಿಟ್ಟಿದ್ರೆ ಕೇಳೋರಿಗೆ ಒಂಬತ್ತರ ತಾಳದ ಒಂದು ಸಾದಾ ಸಾಲು ಅನ್ನಿಸ್ತಿತ್ತು, ಎಳೆತ ಇರ್ತಿರ್ಲಿಲ್ಲ, ಕೊನೇಲಿ ಬಂದು ಸೇರಿದಾಗ ಆಗೋ ಆ ನಿರಾಳಾನೂ ಇರ್ತಿರ್ಲಿಲ್ಲ. ನಾನು ಇಪ್ಪತ್ತು ವರ್ಷ ಗಿಟಾರನ್ನ ಮಾತ್ರ ಕೇಳಿದ್ದೆ. ಈಗ ಹಾಡು ಹಾಕಿದ್ರೆ ಕಿವಿ ಮೊದಲು ಡ್ರಮ್ಮಿಗೆ ಹೋಗುತ್ತೆ, ಗಿಟಾರ್ ತಾನಾಗೇ ಅದರ ಮೇಲೆ ಕೂರುತ್ತೆ. ಇದು ನನ್ನ ಅಭಿಪ್ರಾಯ, ಬೇರೆಯವರು ಒಪ್ಪದೇ ಇರ್ಬಹುದು, ಆದ್ರೆ ಕಷ್ಟದ ರಿಫ್ ಕಲಿಯೋರು ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟು, ಬೆರಳಿಗೆ ಮುಂಚೆ ಕಾಲಿಗೆ ಕಲಿಸಿ, ಕೂತ್ಕೊಂಡಲ್ಲ, ನಿಂತ್ಕೊಂಡು, ಸಾಧ್ಯ ಆದ್ರೆ ನಡ್ಕೊಂಡು. ಮೆಟ್ರೋನೋಮ್ ಹೊರಗಡೆ ಟಕ್ ಅಂದ್ರೆ ಅದು ಬೇರೆಯವರದ್ದು, ಅದರ ಜೊತೆ ಜಗಳ ಆಗುತ್ತೆ. ಹೆಜ್ಜೆ ನಮ್ಮದೇ, ಅದರ ಜೊತೆ ಜಗಳ ಆಡೋಕೆ ಆಗಲ್ಲ.

ಆಗಸ್ಟ್ 3, ಕಕ್ಕಡ 18, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ಮಾಡಿ ಮನೆ ತುಂಬ ಅದರ ಘಮ, ಪಾತ್ರೆ, ಸೌಟು, ಮಗಳ ನಾಲಿಗೆ ಎಲ್ಲಾ ನೇರಳೆ ಬಣ್ಣ. ಅವತ್ತು 70ರ ವೇಗದಲ್ಲಿ ಮೊದಲ ಸಲ ಎರಡನೇ ಭಾಗ ಕೊನೇ ತನಕ ಹೋಯ್ತು, ಆದ್ರೆ ಆ 5ರ ತುಂಡಲ್ಲಿ ಅವಸರ ಆಯ್ತು, ಮನೆ ಹತ್ರ ಬಂತು ಅಂತ ಎತ್ತು ಜೋರಾಗಿ ಎಳೆಯುತ್ತಲ್ಲ, ಹಾಗೆ. ಇನ್ನೊಂದು ವಾರ ಬರೀ ಆ 5ನ್ನೇ ನುಡಿಸ್ದೆ. ಬೇರೇನೂ ಇಲ್ಲ, ಐದು ಅರ್ಧ, ಮತ್ತೆ ಒಂದನೇ ಏಟು, ಐದು ಅರ್ಧ, ಮತ್ತೆ ಒಂದನೇ ಏಟು.

ಪೆರೇಡ್ ಮುಗಿದ ಮಾರನೇ ದಿನ, ಬೆಳಿಗ್ಗೆ ಏಳು ಗಂಟೆ. ಶಾಲೆಗೆ ರಜ, ಮಳೆ ಸಣ್ಣಗೆ ಹನೀತಾ ಇತ್ತು, ಎರಡು ದಿನದಿಂದ ಹೋಗಿದ್ದ ಕರೆಂಟು ರಾತ್ರಿ ಯಾವಾಗ್ಲೋ ಬಂದಿತ್ತು. ಆಂಪಿಗೆ ವೈರ್ ಸಿಕ್ಕಿಸ್ದೆ. ಮಗಳು ಡ್ರಮ್ ಕಡ್ಡಿ ತಂದು ಹಳೇ ಭತ್ತದ ಪೆಟ್ಟಿಗೆ ಮುಂದೆ ಕೂತ್ಲು, ಆ ಪೆಟ್ಟಿಗೆ ಹಲಸಿನ ಮರದ್ದು, ಒಳಗೆ ಖಾಲಿ, ಹೊಡೆದ್ರೆ ದೊಡ್ಡ ಡ್ರಮ್ಮಿನ ಹಾಗೇ ಗುಂಯ್ ಅನ್ನುತ್ತೆ. ಹಾಡೋ ಸಾಲನ್ನ ಅವಳೇ ಬರೀ ರಾಗದಲ್ಲಿ ಗುನುಗಿದ್ಲು, ಆಮೇಲೆ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ ಟಕ್ ಟಕ್, ನಾನು ಅವಳ ಕೈ ನೋಡ್ಲಿಲ್ಲ, ಬಿದ್ದೆ. ಸರಿಯಾಗಿ ಬಿದ್ದೆ. ಅಡುಗೆಮನೆಯಿಂದ ರೊಟ್ಟಿ ತಟ್ಟೋ ಶಬ್ದ ನಿಂತಿದ್ದು ಕೇಳ್ತು. ಎರಡನೇ ಭಾಗ ಬಂತು, ಒಂದನೇ 9, ಎಡಗಾಲು, ಎರಡನೇ 9, ಎಳೆಯೋಕೆ ಶುರು, ಪೆಟ್ಟಿಗೆ ಗುಂಯ್ ಗುಂಯ್ ಅಂತ ನಿಂತಲ್ಲೇ ನಿಂತಿದೆ, ಮಗಳು ನನ್ನ ಕಡೆ ನೋಡ್ತಾನೂ ಇಲ್ಲ, ಪೆರೇಡಲ್ಲಿ ನೋಡೋ ಹಾಗೆ ನೇರ ಎದುರಿಗೆ ನೋಡ್ತಿದ್ದಾಳೆ, ಮೂರನೇ 9, ಆಮೇಲೆ ಆ 5, ಅವಸರ ಇಲ್ದೆ, ಒಂದೊಂದೇ, ಮತ್ತೆ ಅಲ್ಲಿ, ಒಂದನೇ ಏಟಿನ ಮೇಲೆ, ಅವಳ ಕಡ್ಡಿ, ನನ್ನ ತಂತಿ, ನನ್ನ ಎಡಗಾಲು ಮೂರೂ ಒಟ್ಟಿಗೆ.

ಇನ್ನೊಂದ್ಸಲ ಅಂದ್ಲು. ಇನ್ನೊಂದ್ಸಲ ನುಡಿಸಿದ್ವಿ. ಹೆಂಡ್ತಿ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ಲು, ಆಗ್ಲೇ ಎಂಟಾಯ್ತು ಅಂತ ನೆನಪಿಸಿದ್ದು ಅವಳೇ. ಗಿಟಾರ್ ಒರೆಸಿ ಇಟ್ಟು, ಕೊಡೆ ಹಿಡ್ಕೊಂಡು ಹೋಗಿ ರೇನ್ ಗೇಜ್ ನೋಡಿ ಬಂದು ಡೈರಿ ತೆಗೆದೆ.

‘ಆಗಸ್ಟ್ 16. 1 ಇಂಚು 35 ಸೆಂಟ್. ಎರಡನೇ ಭಾಗ ಬಂತು.’